ಎಪ್ಪತ್ತೆರಡು ಗಂಟೆಯ ಸಂಗೀತ ಮನೆಗೆ ಬಂದಾಗ



ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ ನಡೆಯುವ ಒಂದು ಉತ್ಸವವನ್ನು ಆಧಾರವಾಗಿಟ್ಟುಕೊಂಡು ಇವತ್ತಿನ ವಿಚಾರವನ್ನು ಮಂಡಿಸುತ್ತೇನೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ, ಯೋಗಿ ನಾರೇಯಣ ಯತೀಂದ್ರರ, ಅಂದರೆ ನಾವೆಲ್ಲ ತಾತಯ್ಯ ಎಂದೇ ಕರೆಯುವ ಸಂತಕವಿಯ ಸನ್ನಿಧಿಯಲ್ಲಿ, ಮೂರು ದಿನ ಹಗಲೂ ರಾತ್ರಿ ಬಿಡುವಿಲ್ಲದೆ 72 ಗಂಟೆ ಸಂಗೀತ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನಾ ಮಂಡಳಿಯವರೂ ಅಲ್ಲಿ ಒಂದೇ ಉತ್ಸವದ ಹಾಡುಗಾರರು. ತಾತಯ್ಯನವರು ಕನ್ನಡದಲ್ಲೂ ತೆಲುಗಿನಲ್ಲೂ ಕೀರ್ತನೆಗಳನ್ನು ರಚಿಸಿದವರಾದ್ದರಿಂದ ಗಡಿಯಾಚೆಯ ಆಂಧ್ರದ ಮಂಡಳಿಗಳಿಗೂ ಅದು ಸ್ವಂತ ಮನೆಯ ಕೆಲಸ. ಈಗ ಇಂಥ ಉತ್ಸವಗಳೆಲ್ಲ ಕ್ಯಾಮೆರಾದಲ್ಲಿ ದಾಖಲಾಗುತ್ತವೆ, ಮೊಬೈಲಿಗೂ ಟಿವಿಗೂ ಬರುತ್ತವೆ. ಹಾಗೆ ಬಂದದ್ದನ್ನು ಮನೆಯಲ್ಲಿ ಕೂತು ನೋಡಿದರೆ ನಾವು ಉತ್ಸವವನ್ನು ಕಂಡಂತಾಯಿತೇ, ಇಲ್ಲವೇ ಎಂಬುದು ನನ್ನ ಪ್ರಶ್ನೆ. ಕಂಡಂತಾಗುತ್ತದೆ ಎಂದೇ ನನ್ನ ಉತ್ತರ. ಆದರೆ ಅದಕ್ಕೊಂದು ಷರತ್ತಿದೆ: ಹಾರಿಸದೆ, ಕತ್ತರಿಸದೆ, ಅದು ನಡೆದ ಹೊತ್ತಿನ ಅಳತೆಯಲ್ಲೇ ನೋಡಬೇಕು. ಮನೆಗೆ ಬಂದ ಸಂಗೀತದಲ್ಲಿ ನಾವು ಕಳೆದುಕೊಳ್ಳುತ್ತಿರುವುದು ನಾದವನ್ನಲ್ಲ, ಕಾಲವನ್ನು. ಆ ಕಾಲವನ್ನು ಕಿತ್ತುಕೊಳ್ಳುತ್ತಿರುವುದು ಯಂತ್ರವಲ್ಲ, ನಮ್ಮದೇ ಬೆರಳು.

ಧ್ವನಿಮುದ್ರಣದ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1902ರಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಿ ಬೆಳೆಸಬೇಕಾದ ರಾಗವನ್ನು ಆಕೆ ಆ ಮೂರು ನಿಮಿಷದೊಳಗೆ ಮುಗಿಸಬೇಕಾಗಿತ್ತು. ಕೊನೆಗಾಲದಲ್ಲಿ ಮೈಸೂರು ಅರಸರ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಮಹಾಗಾಯಕಿಯ ವಿದ್ಯೆಯಲ್ಲಿ ನಮಗೆ ಮುದ್ರಿಕೆಯಾಗಿ ದಕ್ಕಿರುವುದು ಇಂಥ ತುಣುಕುಗಳು ಮಾತ್ರ. ಕೈವಾರದ 72 ಗಂಟೆಯನ್ನು ಆ ತಟ್ಟೆಗಳಲ್ಲಿ ತುಂಬಬೇಕಾಗಿದ್ದರೆ 1,440 ಬದಿಗಳು ಬೇಕಾಗುತ್ತಿದ್ದವು. ಆಮೇಲೆ ರೇಡಿಯೊ ಬಂತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. 1952ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1954ರಲ್ಲಿ ಆಕಾಶವಾಣಿ ಸಂಗೀತ ಸಮ್ಮೇಳನ ಶುರುವಾದವು. ರೇಡಿಯೊ ಮುಂದೆ ಕೂತವರಿಗೆ ಹಾಡನ್ನು ಮುಂದಕ್ಕೆ ಓಡಿಸುವ ಅನುಕೂಲವಿರಲಿಲ್ಲ. ಬೇಕಾದರೆ ಕೇಳಬೇಕು, ಬೇಡವಾದರೆ ಎದ್ದು ಆರಿಸಬೇಕು. ಆ ಕಟ್ಟುಪಾಡಿನಿಂದಲೇ ಒಂದು ತಲೆಮಾರಿನ ಒಳ್ಳೆಯ ಕೇಳುಗರು ಸಂಗೀತಸಭೆಗಳಿಲ್ಲದ ಊರುಗಳಲ್ಲೂ ತಯಾರಾದರು ಎಂದು ನಾನು ನಂಬುತ್ತೇನೆ. ಕ್ಯಾಸೆಟ್ಟು ಬಂದಾಗ ಅಳತೆ 60 ನಿಮಿಷವಾಯಿತು, ಸಿ.ಡಿ. ಬಂದಾಗ 74 ನಿಮಿಷವಾಯಿತು. ಇವತ್ತು ಆ ಅಳತೆಯೇ ಇಲ್ಲ. ಇಡೀ ಉತ್ಸವವನ್ನು ಇದ್ದಂತೆಯೇ ಕೂಡಿಡಬಲ್ಲ ಸಾಧನ ಮೊದಲ ಬಾರಿಗೆ ನಮ್ಮ ಕೈಗೆ ಬಂದಿದೆ. ಅದೇ ಕಾಲದಲ್ಲಿ ನಾವು ಅರ್ಧ ನಿಮಿಷದ ತುಣುಕುಗಳನ್ನು ನೋಡುವ ಅಭ್ಯಾಸಕ್ಕೆ ಬಿದ್ದು, ಗೌಹರ್ ಜಾನರಿಗೆ ಸಿಕ್ಕಿದ್ದ ಮೂರು ನಿಮಿಷವನ್ನೂ ಕೊಡಲಾರದವರಾಗಿದ್ದೇವೆ. ಇದು ನನಗೆ ತೀರ ನೋವಿನ ಸಂಗತಿ.

ಕೈವಾರದ್ದು ಅಖಂಡ ಸಂಗೀತ. ಅಖಂಡ ಎಂದರೆ ನಡುವೆ ಎಲ್ಲೂ ಕಡಿಯಬಾರದು. ಸಂಜೆ ಏಳಕ್ಕೆ ಹೆಸರಾಂತ ವಿದ್ವಾಂಸರು ಹಾಡಬಹುದು, ಆದರೆ ನಡುರಾತ್ರಿ ಎರಡಕ್ಕೂ ಬೆಳಗಿನ ಜಾವ ನಾಲ್ಕಕ್ಕೂ ಯಾರಾದರೂ ಹಾಡುತ್ತಲೇ ಇರಬೇಕು. ಒಂದು ತಂಡ ಮಂಗಳ ಹಾಡುತ್ತಿದ್ದಂತೆ ಇನ್ನೊಂದು ತಂಡ ಬದಿಯಲ್ಲಿ ಶ್ರುತಿ ಕೂಡಿಸಿಕೊಳ್ಳಬೇಕು. ಹೀಗೆ ಒಬ್ಬರಿಂದ ಒಬ್ಬರಿಗೆ ಹೊಣೆ ದಾಟುವುದೇ ಈ ಉತ್ಸವದ ಸತ್ವ. ಮನೆಯಲ್ಲಿ ರಿಮೋಟು ಹಿಡಿದು ಹೆಸರಾಂತ ಕಲಾವಿದರ ಒಂದು ಗಂಟೆಯನ್ನಷ್ಟೇ ಹುಡುಕಿ ನೋಡಿದವರು ಒಂದು ಒಳ್ಳೆಯ ಕಛೇರಿಯನ್ನು ನೋಡಿರುತ್ತಾರೆ, ಉತ್ಸವವನ್ನಲ್ಲ. ಕಛೇರಿಯೊಳಗೂ ಇದೇ ನ್ಯಾಯ. ಆಲಾಪನೆಯನ್ನು ಬಿಟ್ಟು ಕೃತಿಗೆ, ಕೃತಿಯನ್ನು ಅರ್ಧಕ್ಕೆ ಬಿಟ್ಟು ತನಿ ಆವರ್ತನಕ್ಕೆ ಹಾರಿದರೆ ಮೃದಂಗದವರು ಕೊನೆಗೆ ಮುಟ್ಟುವ ಮುಕ್ತಾಯದ ಬೆಲೆ ತಿಳಿಯುವುದಿಲ್ಲ. ತಾಳದ ಎಷ್ಟು ಆವರ್ತ ಸುತ್ತಿ ಬಂದು ಅಲ್ಲಿ ಸೇರಿದರು ಎಂಬ ಲೆಕ್ಕ ಕೇಳುಗರ ಕೈಯಲ್ಲೂ ಇದ್ದಾಗಲೇ ಆ ಮುಕ್ತಾಯ ಮುಕ್ತಾಯವಾಗುವುದು.

ಮನೆಯಲ್ಲಿ ನೋಡಿದರೂ ಉತ್ಸವ ಕಂಡಂತೆಯೇ ಎಂಬ ನನ್ನ ಮಾತಿಗೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು ನಾದದ್ದು. ಗಂಡುಧ್ವನಿಯ ಮಧ್ಯ ಷಡ್ಜ ಸುಮಾರು 130 ಹರ್ಟ್ಸ್ ಎಂದಿಟ್ಟುಕೊಂಡರೆ ತಂಬೂರಿಯ ಮಂದ್ರ ತಂತಿ 65ರ ಆಸುಪಾಸಿನಲ್ಲಿರುತ್ತದೆ. ಮೊಬೈಲಿನ ಸಣ್ಣ ಸ್ಪೀಕರು ಅಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು. ತಂಬೂರಿಯಲ್ಲಿ ಮೂಲ ನಾದದ ಮೇಲೆ ಏಳುವ ಅನುಸ್ವರಗಳು ಸಮೃದ್ಧವಾಗಿರುವುದರಿಂದ ಕಿವಿ ಹೇಗೋ ಆಧಾರ ಶ್ರುತಿಯನ್ನು ತುಂಬಿಕೊಳ್ಳುತ್ತದೆ. ಆದರೆ ಮೃದಂಗದ ಎಡಬದಿಯ ಗಂಭೀರ ನಾದ ಕಳೆದೇ ಹೋಗುತ್ತದೆ. ಈ ಆಕ್ಷೇಪ ನಿಜ, ಪರಿಹಾರವೂ ಸುಲಭ: ಮೊಬೈಲನ್ನು ಟಿವಿಗೋ ಸಾಧಾರಣ ಹೊರಸ್ಪೀಕರಿಗೋ ಜೋಡಿಸಿದರೆ ಸಾಕು, ಬಹುಪಾಲು ನಾದ ಮರಳಿ ಬರುತ್ತದೆ. ಇನ್ನೊಂದು ಮಾತನ್ನೂ ನೆನೆಯಬೇಕು. ದೊಡ್ಡ ಚಪ್ಪರದ ಕೆಳಗೆ ಹಿಂದಿನ ಸಾಲಿನಲ್ಲಿ ಕೂತವರಿಗೂ ಹಾಡು ಮುಟ್ಟುವುದು ಮೈಕು, ಲೌಡ್‌ಸ್ಪೀಕರುಗಳ ಮೂಲಕವೇ. ಅಲ್ಲಿ ಕೂತದ್ದರಿಂದ ಮಾತ್ರ ಶುದ್ಧ ಕಂಠ ಕೇಳಿಸಿತೆಂದು ಹೇಳಲು ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಹಾಡುವವರು ಎದುರಿಗಿರುವವರ ಮುಖ ನೋಡಿ ಹಾಡುತ್ತಾರೆ, ಭಲೇ ಎಂದಾಗ ಇನ್ನೊಂದು ಸಂಗತಿ ಹಾಕುತ್ತಾರೆ. ಮನೆಯಲ್ಲಿರುವವರಿಗೆ ಆ ಪಾಲಿಲ್ಲ. ಅದರಲ್ಲೂ ಕೈವಾರದಲ್ಲಿ ಹಾಡುವುದು ಗುರುವಿಗೆ ಸಲ್ಲಿಸುವ ಸೇವೆ. ಸೇವೆಯನ್ನು ಸೋಫಾದ ಮೇಲೆ ಕೂತು ನೋಡುವುದು ಎಂಥ ಸೇವೆ ಎಂದು ಭಕ್ತರು ಕೇಳಿದರೆ ಅದನ್ನು ತಳ್ಳಿಹಾಕಲಾಗದು. ಆದರೆ ತಾತಯ್ಯನವರ ಪರಂಪರೆಯೇ ಇದಕ್ಕೆ ಉತ್ತರ ಕೊಡುತ್ತದೆ. ಬಳೆಯ ಮಲಾರ ಹೊತ್ತು ಊರೂರು ತಿರುಗಿದವರು ಅವರು ಎಂದು ಅವರ ಚರಿತ್ರೆ ಹೇಳುತ್ತದೆ. ಅವರ ಕೀರ್ತನೆಗಳು ಉಳಿದು ಬಂದದ್ದು ಮಠದ ಪ್ರಾಂಗಣದಲ್ಲಷ್ಟೇ ಅಲ್ಲ, ಹಳ್ಳಿಯ ಭಜನೆಮನೆಗಳಲ್ಲಿ, ಜಗುಲಿಗಳಲ್ಲಿ, ಬಾಯಿಂದ ಬಾಯಿಗೆ. ಹಾಗಾಗಿ ಮನೆ ಈ ಸಂಗೀತಕ್ಕೆ ಹೊರಗಿನ ಜಾಗವಲ್ಲ. ಕಲಾವಿದರಿಗೆ ನಮ್ಮ ಮೆಚ್ಚುಗೆ ಮುಟ್ಟದಿರಬಹುದು. ಆದರೂ ತಾಳ ಹಾಕುತ್ತ ಕೇಳುವುದಕ್ಕೆ, ಗೊತ್ತಿರುವ ಕೀರ್ತನೆಗೆ ದನಿಗೂಡಿಸುವುದಕ್ಕೆ, ಸಾಹಿತ್ಯದ ಪುಸ್ತಕ ತೆರೆದಿಟ್ಟುಕೊಂಡು ಅರ್ಥ ನೋಡಿಕೊಳ್ಳುವುದಕ್ಕೆ ಮನೆ ಅಡ್ಡಿಯಾಗುವುದಿಲ್ಲ. ಎದುರಿಗೆ ಕೂತೂ ಮೊಬೈಲಿನಲ್ಲಿ ಮುಳುಗಿದವರಿಗಿಂತ ಹೀಗೆ ಕೇಳುವವರು ಹಾಡಿಗೆ ಹತ್ತಿರ.

ಮನೆಯಲ್ಲೇ ಸಿಕ್ಕರೆ ಜನ ಕೈವಾರಕ್ಕೆ ಬರುವುದನ್ನೇ ಬಿಡುತ್ತಾರೆ ಎಂಬ ಅಂಜಿಕೆಯೂ ಇದೆ. ಯಾರು ಬರಲಾರರು ಎಂಬುದನ್ನು ಮೊದಲು ನೋಡೋಣ. ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲೆ ಗೂಡು ಕಟ್ಟುವ ತನಕ ಒಂದು ವಾರದ ಆಸುಪಾಸು ಮನೆಮಂದಿ ಅತ್ತಿತ್ತ ಸರಿಯುವಂತಿಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಹಣ್ಣಾದ ಹುಳುಗಳನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಪಂಚಾಂಗ ನೋಡಿ ಜ್ವರ ಏಳುವುದಿಲ್ಲ ಹುಳು. ಹಾಲು ಕರೆಯುವ ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಹಿರಿಯರು, ಅವರನ್ನು ನೋಡಿಕೊಳ್ಳುವವರು, ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಇವರೆಲ್ಲ ಉತ್ಸವ ತಪ್ಪಿಸಿಕೊಳ್ಳುವುದು ಆಸಕ್ತಿ ಇಲ್ಲದ್ದಕ್ಕಲ್ಲ. ರಾತ್ರಿ ಸೊಪ್ಪು ಹಾಕುವ ಹೊತ್ತಿಗೆ ಹುಳುಮನೆಯಲ್ಲಿ ನಡುರಾತ್ರಿಯ ಭಜನೆ ಕೇಳುವುದಾದರೆ ಅದು ನಿಜವಾಗಿಯೂ ಆ ಹೊತ್ತಿನ ಹಾಡೇ. ಹಾಗಾದರೆ 72 ಗಂಟೆ ಕೇಳಲು ಯಾರಿಗೆ ಬಿಡುವಿದೆ ಎಂದು ಕೇಳಬಹುದು. ಚಪ್ಪರದಲ್ಲೂ ಯಾರೊಬ್ಬರೂ 72 ಗಂಟೆ ಕೂರುವುದಿಲ್ಲ. ಬರುತ್ತಾರೆ, ಪ್ರಸಾದಕ್ಕೆ ಏಳುತ್ತಾರೆ, ನಿದ್ದೆ ಮಾಡಿ ಮತ್ತೆ ಬಂದು ಕೂರುತ್ತಾರೆ. ಆದರೆ ಕೂತಷ್ಟು ಹೊತ್ತು ಆಗ ಯಾರು ಹಾಡುತ್ತಿದ್ದಾರೋ ಅವರನ್ನೇ ಕೇಳುತ್ತಾರೆ. ಮನೆಯಲ್ಲಿ ಪಾಲಿಸಬೇಕಾದದ್ದು ಅಷ್ಟೇ.

ಹೀಗೆ ಕೇಳಿದರೆ ಹೆಚ್ಚು ಲಾಭವಾಗುವುದು ಹೆಸರಿಲ್ಲದ ಮಂಡಳಿಗಳಿಗೆ. ಹೆಸರಾಂತ ವಿದ್ವಾಂಸರ ಹಾಡಿಗೆ ನೂರು ಮುದ್ರಿಕೆಗಳಿವೆ. ಯಾವುದೋ ಹಳ್ಳಿಯ ಹತ್ತು ಜನ ಹಾರ್ಮೋನಿಯಂ, ತಾಳಗಳೊಂದಿಗೆ ಅಪರಾತ್ರಿಯಲ್ಲಿ ಹಾಡಿದ ಕೀರ್ತನೆ, ಅವರ ಊರಿನ ಧಾಟಿ, ಆ ಒಂದು ದಾಖಲೆಯಲ್ಲಿ ಮಾತ್ರ ಉಳಿದಿರಬಹುದು. ಆ ಧಾಟಿ ಗೊತ್ತಿದ್ದ ಹಿರಿಯರು ಹೋದರೆ ಹೋಯಿತು. ಆದ್ದರಿಂದ ಸಂಗೀತೋತ್ಸವ ನಡೆಸುವ ಎಲ್ಲರಲ್ಲೂ ನನ್ನ ವಿನಂತಿ: ಮುದ್ರಿಕೆಯನ್ನು ಪೂರ್ತಿಯಾಗಿ ಉಳಿಸಿ, ಪ್ರತಿ ತಂಡದ ಹೆಸರು, ಊರು, ಹಾಡಿದ ಕೀರ್ತನೆ, ರಾಗ, ತಾಳಗಳನ್ನು ಅದರ ಜೊತೆಗೆ ಬರೆದಿಡಿ. ಈ ಸಭೆಯನ್ನು ಏರ್ಪಡಿಸಿದ ಸಂಘದವರಲ್ಲೂ ಒಂದು ಕೋರಿಕೆ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನಲ್ಲಿ ವಿಜ್ಞಾನ ವೇದಿಕೆ ಕಟ್ಟಿ, ಜನ ಕೂಡಿ ಕೂತು ಉಪನ್ಯಾಸ ಕೇಳುವ ಪದ್ಧತಿಯನ್ನು ಬೇರೂರಿಸಿದರು. ಅದೇ ರೀತಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಮ್ಮ ನಾಲ್ಕೂ ಊರುಗಳಲ್ಲಿ ತಿಂಗಳಿಗೊಂದು ಸಂಜೆ, ಒಳ್ಳೆಯ ಸ್ಪೀಕರು ಇಟ್ಟು, ಇಂಥ ಮುದ್ರಿಕೆಯೊಂದನ್ನು ಕತ್ತರಿಸದೆ ತೋರಿಸಿ, ಆಮೇಲೆ ತಿಳಿದವರಿಂದ ನಾಲ್ಕು ಮಾತು ಆಡಿಸಬೇಕು. ಬರುವ ಗುರುಪೂರ್ಣಿಮೆಗೆ ಹೋಗಬಲ್ಲವರು ದಯವಿಟ್ಟು ಕೈವಾರಕ್ಕೇ ಹೋಗಿ. ಹೋಗಲಾಗದವರು ಮನೆಯವರನ್ನೆಲ್ಲ ಕೂರಿಸಿಕೊಂಡು, ಹೆಸರು ಕೇಳಿರದ ಒಂದು ಮಂಡಳಿಯ ಹಾಡನ್ನು ಶ್ರುತಿ ಕೂಡಿಸುವುದರಿಂದ ಮಂಗಳದವರೆಗೆ ಪೂರ್ತಿ ಕೇಳಿ.