ಬೆಳಕಿನ ಉಳಿ

ಬಸವಕಲ್ಯಾಣದ ನಮ್ಮ ಮನೆಗೆ ಕತ್ತರಿಸುವ ಲೇಸರ್ ಯಂತ್ರವೊಂದು ಬೇಕೆಂದು ಮಗ ಹಟ ಹಿಡಿದ. ಹುಮನಾಬಾದಿನ ಮಿತ್ರರ ಮನೆಯಲ್ಲಿ ಅದನ್ನು ಪರೀಕ್ಷಿಸಿದೆವು. ಅದರ ನೀಲಿ ಕಿರಣವು 3 ಮಿಲಿಮೀಟರ್ ಪ್ಲೈವುಡ್ಡನ್ನು ಅಂದವಾಗಿ ಕತ್ತರಿಸಿತು. ಪಾರದರ್ಶಕ ಅಕ್ರಿಲಿಕ್ಕನ್ನು ಸುಡದೆ ಹಾಯ್ದುಹೋಯಿತು. ಬೀದರಿನ ಬಿದ್ರಿಯ ಸತು-ತಾಮ್ರದ ಲೋಹದಲ್ಲಿ ಕುಸುರಿ ತೋಡುವುದಂತೂ ಇಂಥ ಪುಟ್ಟ ಯಂತ್ರದ ಅಳವಲ್ಲ. ಅದಕ್ಕೆ ಉಳಿಯೇ ಬೇಕು.

ಶ್ರೋತೃಗಳೆ, ಕೊಳ್ಳುವವರು ಗಮನಿಸಬೇಕಾದುದಿಷ್ಟು: ಜಾಹೀರಾತಿನ 40 ವ್ಯಾಟ್ ಎಂಬುದು ಯಂತ್ರ ಹೀರುವ ವಿದ್ಯುತ್ತಾಗಿರಬಹುದು, ಕಿರಣದ ಬಲ 5 ವ್ಯಾಟ್ ಮಾತ್ರವಿದ್ದೀತು. ಪ್ರತಿಫಲಿಸಿದ ಕಿರಣವೂ ಕಣ್ಣನ್ನು ಕೆಡಿಸಬಲ್ಲುದು. ಪಿವಿಸಿಯನ್ನು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ.

ನಮ್ಮ ಕೋಣೆಗೋ ಕಿಟಕಿಯೇ ಇಲ್ಲ! “ಮೊದಲು ಕಿಟಕಿ, ಆ ಕಿರಣಕ್ಕೆ ತಕ್ಕ ಕನ್ನಡಕ, ಯಂತ್ರ ಆಮೇಲೆ, ತಮ್ಮಾ” ಎಂದೆ. ಅವನೀಗ ಗೋಡೆ ಅಳೆಯುತ್ತಿದ್ದಾನೆ.