ಪಾಲಾರ್ ಕಣಿವೆಗೆ ಉಪಗ್ರಹದ ಸಂಕೇತ ಎಷ್ಟು ತಲುಪುತ್ತದೆ?



ಮಲೆ ಮಹದೇಶ್ವರ ಬೆಟ್ಟದಿಂದ ಘಟ್ಟ ಇಳಿದು ಮೆಟ್ಟೂರಿನ ಕಡೆ ಹೊರಟರೆ, ತಮಿಳುನಾಡಿನ ಗಡಿಯಲ್ಲಿ ಪಾಲಾರ್ ಸಿಗುತ್ತದೆ. ಸುತ್ತಲೂ ಕಾಡು, ಗುಡ್ಡ, ಹಳ್ಳ. ಗಸ್ತು ತಿರುಗುವ ಅರಣ್ಯ ರಕ್ಷಕರೊಬ್ಬರು ಇಲ್ಲಿ ಕಾಡ್ಗಿಚ್ಚನ್ನು ಕಂಡು, ಕೈಯಲ್ಲಿರುವ ಜಿ.ಪಿ.ಎಸ್. ನೋಡಿ ಸ್ಥಳ ತಿಳಿಸುತ್ತಾರೆ ಎನ್ನಿ. ಆ ಸ್ಥಳ ನೂರು ಮೀಟರ್ ತಪ್ಪಿದರೂ ನೆರವಿಗೆ ಬಂದವರು ಹಳ್ಳದ ಆಚೆ ದಡದಲ್ಲಿ ನಿಂತಾರು! ಹಾಗಾದರೆ ಆ ಉಪಕರಣಕ್ಕೆ ದೊರೆಯುವ ಸಂಕೇತ ಎಷ್ಟು? ಲೆಕ್ಕ ಹಾಕೋಣ.

ಜಿ.ಪಿ.ಎಸ್. ಉಪಗ್ರಹದ ಎತ್ತರ ಸುಮಾರು 20,200 ಕಿ.ಮೀ. ಅದು ಕಳಿಸುವ ಶಕ್ತಿ ಸುಮಾರು 25 ವ್ಯಾಟ್ ಎಂದಿಟ್ಟುಕೊಳ್ಳೋಣ. ಒಂದು ಸಣ್ಣ ಬಲ್ಬಿನಷ್ಟು. ಆಂಟೆನಾ ಅದನ್ನು ಭೂಮಿಯ ಕಡೆಗೇ ತಿರುಗಿಸುವುದರಿಂದ, ಎಲ್ಲ ದಿಕ್ಕಿಗೂ 500 ವ್ಯಾಟ್ ಹರಡಿದಾಗ ಸಿಗುವಷ್ಟು ನಮಗೆ ಸಿಗುತ್ತದೆ. ಈಗ 20,200 ಕಿ.ಮೀ. ತ್ರಿಜ್ಯದ ಗೋಳವನ್ನು ಕಲ್ಪಿಸಿಕೊಳ್ಳಿ. ಅದರ ಮೇಲ್ಮೈ 51 ಕೋಟಿ ಕೋಟಿ ಚದರ ಮೀಟರ್. 500 ವ್ಯಾಟನ್ನು ಇದರಿಂದ ಭಾಗಿಸಿದರೆ, ಒಂದು ಚದರ ಮೀಟರಿಗೆ ಬೀಳುವುದು ವ್ಯಾಟಿನ 10 ಲಕ್ಷ ಕೋಟಿಯಲ್ಲಿ ಒಂದು ಪಾಲು.

ಕೈಯಲ್ಲಿರುವ ಆಂಟೆನಾ ಅಷ್ಟನ್ನೂ ಹಿಡಿಯಲಾರದು. ತರಂಗಾಂತರ 19 ಸೆಂ.ಮೀ. ಇದರ ವರ್ಗವನ್ನು ಪೈಯ ನಾಲ್ಕರಷ್ಟರಿಂದ ಭಾಗಿಸಿದರೆ, ಸಾಮಾನ್ಯ ಆಂಟೆನಾ ಹಿಡಿಯುವ ಕ್ಷೇತ್ರ ಸುಮಾರು 29 ಚದರ ಸೆಂ.ಮೀ. ಕೊನೆಗೆ ಕೈಗೆ ಬರುವುದು ಒಂದು ವ್ಯಾಟಿನ 35 ಕೋಟಿ ಕೋಟಿಯಲ್ಲಿ ಒಂದು ಪಾಲು!

ರಿಸೀವರಿನ ಒಳಗೆ ಉಷ್ಣದಿಂದ ಹುಟ್ಟುವ ಗದ್ದಲವೇ ಇದರ ಸುಮಾರು 30 ಪಟ್ಟು. ಆದರೂ ಜಾತ್ರೆಯ ಗಲಾಟೆಯಲ್ಲಿ ತಾಯಿಯ ದನಿಯನ್ನು ಮಗು ಗುರುತಿಸುವುದಿಲ್ಲವೆ? ಹಾಗೆಯೇ ಪ್ರತಿ ಮಿಲಿಸೆಕೆಂಡಿಗೊಮ್ಮೆ ಮರಳುವ 1,023 ಅಂಶಗಳ ಸಂಕೇತಮಾಲೆ ರಿಸೀವರಿಗೆ ಮೊದಲೇ ಗೊತ್ತು. ಅದನ್ನು ಮತ್ತೆ ಮತ್ತೆ ಹೋಲಿಸಿ ಹೆಕ್ಕಿ ತೆಗೆಯುತ್ತದೆ.

ಇಷ್ಟು ಬಡವಾದ ಸಂಕೇತವನ್ನು ಮರದ ಎಲೆಗಳು 10 ಡೆಸಿಬೆಲ್ ತಗ್ಗಿಸಿದರೆ, ಉಳಿಯುವುದು ಹತ್ತರಲ್ಲಿ ಒಂದು. ಗುಡ್ಡಕ್ಕೆ ತಗುಲಿ ಬಂದ ಸಂಕೇತ ತಡವಾಗಿ ಬರುವುದರಿಂದ ದೂರದ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಹಳ್ಳದಿಂದ ಮೇಲೆ ಬಂದು, ಬಯಲಲ್ಲಿ ನಿಂತು, ಕನಿಷ್ಠ ನಾಲ್ಕು ಉಪಗ್ರಹಗಳು ಚೆನ್ನಾಗಿ ಸಿಕ್ಕ ಮೇಲೆ ಸ್ಥಳ ಗುರುತಿಸುವುದು ಜಾಣತನ.

ನಿಮಗೊಂದು ಲೆಕ್ಕ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿದ ನಮ್ಮ ನಾವಿಕ್ ವ್ಯವಸ್ಥೆಯ ಉಪಗ್ರಹಗಳ ಎತ್ತರ ಸುಮಾರು 36,000 ಕಿ.ಮೀ. ಕಳಿಸುವ ಶಕ್ತಿ ಅಷ್ಟೇ ಇದ್ದರೆ, ಚದರ ಮೀಟರಿಗೆ ಬೀಳುವ ಪಾಲು ಎಷ್ಟು ಪಟ್ಟು ಕಡಿಮೆ? ಸುಮಾರು ಮೂರು ಪಟ್ಟು ಎಂದು ಬಂದರೆ ನಿಮ್ಮ ಉತ್ತರ ಸರಿ.