ನಮ್ಮ ಕಾಲೇಜಿನ ವಿದ್ಯಾರ್ಥಿನಿಯರ ಸಂಘ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿದ ನಾನು ಮುಂದೆ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿಯಾದೆ. ಅಲ್ಲಿನ ವಿದ್ಯಾರ್ಥಿನಿಯರ ಸಂಘದ ಜವಾಬ್ದಾರಿ ಬಹಳ ವರ್ಷ ನನ್ನ ಮೇಲಿತ್ತು. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಜುಲೈನಲ್ಲಿ ಸಂಘದ ಉದ್ಘಾಟನೆ. ದಸರೆಗೆ ಮೊದಲು ರಕ್ತ ತಪಾಸಣೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದವರಿಗೆ ಕಬ್ಬಿಣಾಂಶದ ಮಾತ್ರೆ, ಜೊತೆಗೆ ನುಗ್ಗೆಸೊಪ್ಪು, ರಾಗಿ, ಶೇಂಗಾ-ಬೆಲ್ಲ ತಿನ್ನಿರೆಂಬ ಬುದ್ಧಿಮಾತು. ನವೆಂಬರ್ 11ಕ್ಕೆ ಒನಕೆ ಓಬವ್ವ ಜಯಂತಿ, ಜನವರಿ 3ಕ್ಕೆ ಸಾವಿತ್ರಿಬಾಯಿ ಫುಲೆ ಜಯಂತಿ, ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ. ಮಾರ್ಚ್‌ನಲ್ಲಿ ಪರೀಕ್ಷೆ ಇರುವುದರಿಂದ ಮಹಿಳಾ ದಿನವನ್ನು ಫೆಬ್ರವರಿಯಲ್ಲೇ ಮುಗಿಸುತ್ತಿದ್ದೆವು. ವಾರ್ಷಿಕ ವರದಿ ಎರಡು ಪುಟ ತುಂಬುತ್ತಿತ್ತು.

ಒಂದು ವರ್ಷ ರಂಗೋಲಿಯಲ್ಲಿ ಮೊದಲ ಬಹುಮಾನ ಬಂದ ಹುಡುಗಿ ಅದನ್ನು ತೆಗೆದುಕೊಳ್ಳಲು ಬರಲಿಲ್ಲ. ಜ್ವರವಿರಬೇಕೆಂದು ಆ ಸ್ಟೀಲ್ ಡಬ್ಬಿಯನ್ನು ಬೀರುವಿನಲ್ಲಿಟ್ಟೆ. ಹದಿನೈದು ದಿನದ ಮೇಲೆ ತಿಳಿಯಿತು, ಮದುವೆ ಮಾಡಿಬಿಟ್ಟಿದ್ದರು. ಅವಳಿಗಿನ್ನೂ 17. ಹದಿನೆಂಟಾಗದೆ ಮದುವೆ ಕೂಡದು, 1098ಕ್ಕೆ ಕರೆ ಮಾಡಿ ಎಂದು ಭಾಷಣ ಮಾಡಿದವಳು ನಾನೇ. ಆದರೆ ಅವಳ ಮನೆಗೆ ಒಂದು ದಿನವೂ ಹೋಗಿರಲಿಲ್ಲ. ಆ ತಪ್ಪು ನನ್ನದು.

ಮುಂದಿನ ವರ್ಷ ಸಂಘಕ್ಕೆ ಒಂದು ನಿಯಮ ಮಾಡಿದೆವು. ಯಾರಾದರೂ ಮೂರು ದಿನ ಬರದಿದ್ದರೆ ಗೆಳತಿಯರು ಮನೆಗೆ ಹೋಗಿ ವಿಚಾರಿಸಬೇಕು. ವಾರವಾದರೆ ನಾನು ಹೋಗಬೇಕು. ಕೆಲವು ಮನೆಗಳಲ್ಲಿ ಜ್ವರ, ಕೆಲವು ಕಡೆ ಶೇಂಗಾ ಕೀಳುವ ಕೆಲಸ. ಎರಡು ಮನೆಗಳಲ್ಲಿ ಮದುವೆಯ ಮಾತು. "ದಿನಾ ಬಸ್ಸಿಗೆ ಹೋಗೋ ಹುಡುಗಿ, ಏನಾದ್ರೂ ಆದ್ರೆ ಯಾರು ಹೊಣೆ ಮೇಡಂ?" ಎಂದರು ಒಬ್ಬ ತಾಯಿ. "ನಾಲ್ಕು ಜನ ಒಟ್ಟಿಗೇ ಹೋಗಿ ಬರ್ತಾರಮ್ಮ" ಎಂದೆ. ಹಾಗೇ ಮಾಡಿದೆವು. ಅವರು ಒಪ್ಪಿದರು. ಇನ್ನೊಂದು ಮನೆಗೆ 1098ರವರೇ ಬರಬೇಕಾಯಿತು.

ನಮ್ಮ ತಾಲ್ಲೂಕಿನ ವಾಣಿವಿಲಾಸ ಸಾಗರಕ್ಕೆ ಇರುವುದು ಹೆಣ್ಣಿನ ಹೆಸರು. 1895ರಿಂದ 1902ರವರೆಗೆ ಮೈಸೂರು ರಾಜ್ಯದ ಆಡಳಿತ ನೋಡಿಕೊಂಡ ಮಹಾರಾಣಿಯವರ ಹೆಸರು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿಗಾಗಿ 89 ವರ್ಷ ಕಾದ ಸೀಮೆಯವರು ನಾವು. ಮಗಳ ಓದು ಮುಗಿಯಲು ನಾಲ್ಕೈದು ವರ್ಷ ಕಾಯಲಾರೆವೇ?

ನನ್ನದೊಂದು ಕೋರಿಕೆ. ಇಲ್ಲಿ ಹತ್ತನೇ ತರಗತಿ ಮುಗಿಸುವ ಹೆಣ್ಣುಮಕ್ಕಳ ಪಟ್ಟಿ ಹಳೆಯ ವಿದ್ಯಾರ್ಥಿಗಳಾದ ನಮ್ಮ ಕೈಯಲ್ಲಿರಲಿ. ಕಾಲೇಜು ಸೇರದವರ ಮನೆಗೆ ಹೋಗಿ ಬರೋಣ. ನಾನೂ ಬರುತ್ತೇನೆ.